ಕರ್ನಾಟಕದಲ್ಲಿ ತಂಬಾಕು ತೆರಿಗೆ ನೀತಿ ಮತ್ತು ಸಂಶೋಧನಾ ಸಂಸ್ಥೆಗಳು

ತಂಬಾಕು ತೆರಿಗೆ ಎಂಬುದು ಸಿಗರೇಟು, ಬೀಡಿ, ಜಗಿಯುವ ತಂಬಾಕು ಮುಂತಾದ ಉತ್ಪನ್ನಗಳ ತಯಾರಿಕೆ ಮತ್ತು ಮಾರಾಟದ ಮೇಲೆ ಸರ್ಕಾರ ವಿಧಿಸುವ ತೆರಿಗೆ. ಬೊಕ್ಕಸಕ್ಕೆ ಆದಾಯ ತರುವುದು ಇದರ ಹಳೆಯ ಉದ್ದೇಶ. ಬೆಲೆ ಏರಿಸುವ ಮೂಲಕ ಬಳಕೆಯನ್ನು ತಗ್ಗಿಸಿ ಜನರ ಆರೋಗ್ಯವನ್ನು ಕಾಪಾಡುವುದು ನಂತರದ ದಶಕಗಳಲ್ಲಿ ಸೇರಿಕೊಂಡ ಉದ್ದೇಶ. ಭಾರತದಲ್ಲಿ ಈ ತೆರಿಗೆಯ ದರಗಳನ್ನು ಕೇಂದ್ರ ಸರ್ಕಾರ ಮತ್ತು ಜಿಎಸ್‌ಟಿ ಮಂಡಳಿ ನಿರ್ಧರಿಸುತ್ತವೆ. ದರ ಎಷ್ಟಿರಬೇಕು ಎಂಬುದಕ್ಕೆ ಬೇಕಾದ ಅಂಕಿಅಂಶ ಮತ್ತು ವಿಶ್ಲೇಷಣೆಯನ್ನು ಒದಗಿಸುವಲ್ಲಿ ದೇಶದೊಳಗಿನ ಸಂಶೋಧನಾ ಸಂಸ್ಥೆಗಳು, ಅಂದರೆ ಪತ್ರಿಕೆಗಳಲ್ಲಿ ಚಿಂತಕರ ಚಾವಡಿಗಳೆಂದು ಕರೆಯಲ್ಪಡುವ ಸಂಸ್ಥೆಗಳು, ಪಾತ್ರ ವಹಿಸಿವೆ. ಇವುಗಳಲ್ಲಿ ಬೆಂಗಳೂರು ಮತ್ತು ಧಾರವಾಡದ ಸಂಸ್ಥೆಗಳೂ ಇವೆ. ಈ ಲೇಖನವು ತೆರಿಗೆಯ ಇತಿಹಾಸ, ಸಂಶೋಧನಾ ಸಂಸ್ಥೆಗಳ ಕೆಲಸ, ಬೀಡಿಯ ಕುರಿತ ವಿವಾದ ಹಾಗೂ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಂತಹ ಗ್ರಾಮೀಣ ಪ್ರದೇಶಗಳಿಗೆ ಈ ನೀತಿಯೊಂದಿಗಿರುವ ಸಂಬಂಧವನ್ನು ವಿವರಿಸುತ್ತದೆ.

ಹಿನ್ನೆಲೆ

2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಎರಡನೆಯ ಸುತ್ತಿನ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 28.6ರಷ್ಟು ಜನರು, ಅಂದರೆ ಸುಮಾರು 26.7 ಕೋಟಿ ಜನರು, ಒಂದಿಲ್ಲೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2009-10ರ ಮೊದಲ ಸುತ್ತಿನಲ್ಲಿ ಈ ಪ್ರಮಾಣ ಶೇ 34.6 ಆಗಿತ್ತು. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ ಬಳಕೆಯು ಶೇ 28.2ರಿಂದ ಶೇ 22.8ಕ್ಕೆ ಇಳಿಯಿತು. ರಾಜ್ಯದ ವಯಸ್ಕರಲ್ಲಿ ಶೇ 8.8ರಷ್ಟು ಮಂದಿ ಧೂಮಪಾನ ಮಾಡುವವರು; ಶೇ 16.3ರಷ್ಟು ಮಂದಿ ಹೊಗೆರಹಿತ ತಂಬಾಕನ್ನು, ಅಂದರೆ ಎಲೆ-ಅಡಿಕೆಯೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪು, ಖೈನಿ, ಗುಟ್ಕಾ ಮುಂತಾದವನ್ನು ಬಳಸುವವರು. ದೇಶದಲ್ಲಿ ಸಿಗರೇಟು ಸೇದುವವರಿಗಿಂತ ಬೀಡಿ ಸೇದುವವರ ಸಂಖ್ಯೆ ಹೆಚ್ಚು: ಸಿಗರೇಟು ಶೇ 4, ಬೀಡಿ ಶೇ 7.7.

ತಂಬಾಕಿನಿಂದ ಬರುವ ಕಾಯಿಲೆಗಳ ಚಿಕಿತ್ಸೆ, ದುಡಿಮೆಯ ನಷ್ಟ ಮತ್ತು ಅಕಾಲಿಕ ಮರಣಗಳಿಂದ 2017-18ರಲ್ಲಿ ದೇಶಕ್ಕಾದ ಆರ್ಥಿಕ ಹೊರೆ ₹1,77,341 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಭಾರತ ಕಚೇರಿಯ ಸಹಯೋಗದ ಅಧ್ಯಯನವೊಂದು ಅಂದಾಜು ಮಾಡಿದೆ. ಇದು ಒಟ್ಟು ದೇಶೀಯ ಉತ್ಪನ್ನದ ಶೇ 1ಕ್ಕಿಂತ ತುಸು ಹೆಚ್ಚು.

ತೆರಿಗೆ ಮತ್ತು ಬೇಡಿಕೆ

ಬೆಲೆ ಹೆಚ್ಚಿದಂತೆ ಒಂದು ವಸ್ತುವಿನ ಬೇಡಿಕೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ತಂಬಾಕು ಚಟ ಹಿಡಿಸುವ ವಸ್ತುವಾದ್ದರಿಂದ ಬೆಲೆ ಏರಿದರೂ ಬೇಡಿಕೆ ಬದಲಾಗದು ಎಂಬ ಅಭಿಪ್ರಾಯ ಒಂದು ಕಾಲದಲ್ಲಿ ಪ್ರಚಲಿತವಾಗಿತ್ತು. ವಿಶ್ವಬ್ಯಾಂಕ್ 1999ರಲ್ಲಿ ಪ್ರಕಟಿಸಿದ ವರದಿಯು ಈ ಅಭಿಪ್ರಾಯವನ್ನು ಅಲ್ಲಗಳೆಯಿತು. ಬೆಲೆ ಶೇ 10ರಷ್ಟು ಏರಿದರೆ ಶ್ರೀಮಂತ ದೇಶಗಳಲ್ಲಿ ಬೇಡಿಕೆ ಸುಮಾರು ಶೇ 4ರಷ್ಟು, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಶೇ 8ರಷ್ಟು ಇಳಿಯುತ್ತದೆ ಎಂದು ಅದು ತಿಳಿಸಿತು.

ಭಾರತದ ಕುಟುಂಬಗಳ ಖರ್ಚುವೆಚ್ಚದ ಸಮೀಕ್ಷೆಯನ್ನು ಆಧರಿಸಿ ಆರೋಗ್ಯ ಅರ್ಥಶಾಸ್ತ್ರಜ್ಞ ರಿಜೊ ಎಂ. ಜಾನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀಡಿ ಮತ್ತು ಎಲೆ ತಂಬಾಕಿನ ಸ್ಥಿತಿಸ್ಥಾಪಕತ್ವ 0.9ರ ಆಸುಪಾಸಿನಲ್ಲಿತ್ತು, ಸಿಗರೇಟಿನದು ಅದಕ್ಕಿಂತ ಬಹಳ ಕಡಿಮೆ. ಸರಳವಾಗಿ ಹೇಳುವುದಾದರೆ, ಬೀಡಿಯ ಬೆಲೆ ಶೇ 10ರಷ್ಟು ಏರಿದರೆ ಬಳಕೆ ಸುಮಾರು ಶೇ 9ರಷ್ಟು ಇಳಿಯುತ್ತದೆ. ಬೀಡಿ ಸೇದುವವರಲ್ಲಿ ಬಡವರೇ ಹೆಚ್ಚಾಗಿರುವುದರಿಂದ ಬೆಲೆಯ ಬದಲಾವಣೆ ಅವರನ್ನು ಬೇಗ ತಟ್ಟುತ್ತದೆ.

ತೆರಿಗೆಯನ್ನು ಎರಡು ಬಗೆಯಲ್ಲಿ ವಿಧಿಸಬಹುದು. ಸಾವಿರ ಕಡ್ಡಿಗೆ ಇಷ್ಟು ರೂಪಾಯಿ ಎಂದು ವಿಧಿಸುವುದು ಪರಿಮಾಣಾಧಾರಿತ ತೆರಿಗೆ. ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ವಿಧಿಸುವುದು ಮೌಲ್ಯಾಧಾರಿತ ತೆರಿಗೆ. ಎರಡನೆಯದರಲ್ಲಿ ಅಗ್ಗದ ಸರಕಿನ ಮೇಲೆ ಬೀಳುವ ತೆರಿಗೆಯೂ ಅಲ್ಪವಾಗಿರುತ್ತದೆ. ಮೊದಲನೆಯದು ಹಣದುಬ್ಬರಕ್ಕೆ ತಕ್ಕಂತೆ ಕಾಲಕಾಲಕ್ಕೆ ಏರದಿದ್ದರೆ ತನ್ನ ಪರಿಣಾಮವನ್ನು ಕಳೆದುಕೊಳ್ಳುತ್ತದೆ. ಚಿಲ್ಲರೆ ಬೆಲೆಯಲ್ಲಿ ಎಲ್ಲ ತೆರಿಗೆಗಳ ಪಾಲು ಕನಿಷ್ಠ ಶೇ 75 ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಜಿಎಸ್‌ಟಿಯ ಮೊದಲ ವರ್ಷಗಳಲ್ಲಿ ಭಾರತದಲ್ಲಿ ಈ ಪಾಲು ಸಿಗರೇಟಿಗೆ ಸುಮಾರು ಶೇ 53, ಹೊಗೆರಹಿತ ತಂಬಾಕಿಗೆ ಸುಮಾರು ಶೇ 64, ಬೀಡಿಗೆ ಸುಮಾರು ಶೇ 22 ಆಗಿತ್ತು.

ಇತಿಹಾಸ

ಬ್ರಿಟಿಷ್ ಆಡಳಿತವು 1943ರಲ್ಲಿ ತಂಬಾಕಿನ ಮೇಲೆ ಕೇಂದ್ರ ಅಬಕಾರಿ ಸುಂಕವನ್ನು ಜಾರಿಗೆ ತಂದಿತು. ಆಗ ಸಂಸ್ಕರಿಸದ ಎಲೆ ತಂಬಾಕಿನ ಮೇಲೂ ಸುಂಕವಿದ್ದುದರಿಂದ ಅಬಕಾರಿ ಇಲಾಖೆಯ ನಿಗಾ ತಂಬಾಕು ಬೆಳೆಯುವ ಹಳ್ಳಿಗಳವರೆಗೂ ಚಾಚಿತ್ತು. ಎಲೆ ತಂಬಾಕಿನ ಮೇಲಿನ ಸುಂಕವನ್ನು 1979ರಲ್ಲಿ ರದ್ದುಪಡಿಸಲಾಯಿತು. ಅಲ್ಲಿಂದ ತೆರಿಗೆಯ ಭಾರವು ತಯಾರಾದ ಉತ್ಪನ್ನಗಳ ಮೇಲೆ ನಿಂತಿತು.

1957ರ ಒಪ್ಪಂದವೊಂದರಂತೆ ರಾಜ್ಯಗಳು ತಂಬಾಕು, ಸಕ್ಕರೆ ಮತ್ತು ಜವಳಿಯ ಮೇಲೆ ಮಾರಾಟ ತೆರಿಗೆ ವಿಧಿಸುವುದನ್ನು ಬಿಟ್ಟುಕೊಟ್ಟವು. ಬದಲಿಗೆ ಕೇಂದ್ರವು ಹೆಚ್ಚುವರಿ ಅಬಕಾರಿ ಸುಂಕ ಸಂಗ್ರಹಿಸಿ ಅದರ ಪಾಲನ್ನು ರಾಜ್ಯಗಳಿಗೆ ಹಂಚುತ್ತಿತ್ತು. ಈ ವ್ಯವಸ್ಥೆ ಕೊನೆಗೊಂಡ ನಂತರ 2007ರಿಂದ ರಾಜ್ಯಗಳು ತಂಬಾಕಿನ ಮೇಲೆ ಮೌಲ್ಯವರ್ಧಿತ ತೆರಿಗೆ ವಿಧಿಸತೊಡಗಿದವು. ಹೀಗಾಗಿ ಸುಮಾರು ಹತ್ತು ವರ್ಷ ತಂಬಾಕಿನ ತೆರಿಗೆಯ ಒಂದು ಭಾಗವನ್ನು ಬೆಂಗಳೂರಿನಲ್ಲಿ, ರಾಜ್ಯ ಬಜೆಟ್ಟಿನ ಮೂಲಕ ನಿರ್ಧರಿಸಬಹುದಾಗಿತ್ತು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂದಾಗ ಈ ಅಧಿಕಾರ ಜಿಎಸ್‌ಟಿ ಮಂಡಳಿಗೆ ಹೋಯಿತು. ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗದ, ಎಲ್ಲ ರಾಜ್ಯಗಳ ಮತಗಳಿಗೆ ಒಟ್ಟಾಗಿ ಮೂರನೆಯ ಎರಡು ಭಾಗದ ತೂಕವಿದೆ. ನಿರ್ಣಯಕ್ಕೆ ನಾಲ್ಕನೆಯ ಮೂರರಷ್ಟು ಬಹುಮತ ಬೇಕು. ಕರ್ನಾಟಕವನ್ನು ರಾಜ್ಯದ ಸಚಿವರೊಬ್ಬರು ಪ್ರತಿನಿಧಿಸುತ್ತಾರೆ. ತಂಬಾಕಿನ ಮೇಲೆ ಜಿಎಸ್‌ಟಿಯ ಜೊತೆಗೆ ಅಬಕಾರಿ ಸುಂಕವನ್ನೂ ವಿಧಿಸುವ ಅಧಿಕಾರವನ್ನು ಸಂವಿಧಾನವು ಕೇಂದ್ರಕ್ಕೆ ಉಳಿಸಿದೆ.

ಆರಂಭದಲ್ಲಿ ಎಲ್ಲ ತಂಬಾಕು ಉತ್ಪನ್ನಗಳಿಗೂ ಶೇ 28ರ ಜಿಎಸ್‌ಟಿ ನಿಗದಿಯಾಯಿತು. ಸಿಗರೇಟು ಮತ್ತು ಜಗಿಯುವ ತಂಬಾಕಿನ ಮೇಲೆ ಇದರೊಂದಿಗೆ ಪರಿಹಾರ ಸೆಸ್ ಸೇರಿತು. ಬೀಡಿಗೆ ಈ ಸೆಸ್ ಅನ್ವಯವಾಗಲಿಲ್ಲ. 2025ರ ಸೆಪ್ಟೆಂಬರ್ 3ರಂದು ನಡೆದ ಮಂಡಳಿಯ 56ನೆಯ ಸಭೆಯು ಸಿಗರೇಟು, ಗುಟ್ಕಾ, ಜಗಿಯುವ ತಂಬಾಕುಗಳಿಗೆ ಶೇ 40ರ ದರವನ್ನು ನಿರ್ಧರಿಸಿತು. ಅದೇ ಸಭೆಯಲ್ಲಿ ಬೀಡಿಯ ದರವನ್ನು ಶೇ 28ರಿಂದ ಶೇ 18ಕ್ಕೂ, ಬೀಡಿ ಕಟ್ಟುವ ಎಲೆಯ ದರವನ್ನು ಶೇ 18ರಿಂದ ಶೇ 5ಕ್ಕೂ ಇಳಿಸಲಾಯಿತು. ಪರಿಹಾರ ಸೆಸ್ ಕೊನೆಗೊಂಡು ಸಿಗರೇಟು ಹಾಗೂ ಬೀಡಿಯ ಹೊಸ ದರಗಳು 2026ರ ಫೆಬ್ರುವರಿ 1ರಿಂದ ಜಾರಿಗೆ ಬಂದವು. ಸಿಗರೇಟಿನ ಮೇಲೆ ಉದ್ದಕ್ಕೆ ಅನುಗುಣವಾಗಿ ಸಾವಿರ ಕಡ್ಡಿಗೆ ₹2,050ರಿಂದ ₹8,500ರವರೆಗೆ ಅಬಕಾರಿ ಸುಂಕವೂ ಸೇರಿತು.

ಸಂಶೋಧನಾ ಸಂಸ್ಥೆಗಳ ಪಾತ್ರ

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದವು 2003ರಲ್ಲಿ ಅಂಗೀಕಾರಗೊಂಡು 2005ರಲ್ಲಿ ಜಾರಿಗೆ ಬಂದಿತು. ಭಾರತ 2004ರ ಫೆಬ್ರುವರಿಯಲ್ಲಿ ಇದನ್ನು ಅನುಮೋದಿಸಿತು. ಒಪ್ಪಂದದ 6ನೆಯ ವಿಧಿಯು ಬೆಲೆ ಮತ್ತು ತೆರಿಗೆಯನ್ನು ಬಳಕೆ ತಗ್ಗಿಸುವ ಪರಿಣಾಮಕಾರಿ ಉಪಾಯವೆಂದು ಗುರುತಿಸಿದೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ದರಗಳು ಬದಲಾಗುವುದಿಲ್ಲ. ತೆರಿಗೆ ಏರಿಸಿದರೆ ಆದಾಯ ಕುಸಿದೀತೆ, ಕಳ್ಳಸಾಗಣೆ ಹೆಚ್ಚೀತೆ, ಬಡವರಿಗೆ ಹೊರೆಯಾದೀತೆ, ಕಾರ್ಮಿಕರ ಕೆಲಸ ಹೋದೀತೆ ಎಂಬ ಪ್ರಶ್ನೆಗಳನ್ನು ಆಯಾ ದೇಶದ ಹಣಕಾಸು ಇಲಾಖೆ ಕೇಳುತ್ತದೆ. ಇವಕ್ಕೆ ಬೇರೆ ದೇಶದ ಅಂಕಿಅಂಶಗಳಿಂದ ಉತ್ತರ ಕೊಡಲು ಸಾಧ್ಯವಿಲ್ಲ. ಆದ್ದರಿಂದ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹಣ, ತರಬೇತಿ ಮತ್ತು ತಾಂತ್ರಿಕ ನೆರವು ನೀಡುವ ಕಾರ್ಯಕ್ರಮಗಳು ಆರಂಭವಾದವು. ಬ್ಲೂಮ್‌ಬರ್ಗ್ ದತ್ತಿಸಂಸ್ಥೆಯ ನೆರವಿನಿಂದ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಚಲೂಪ್ಕಾ ನೇತೃತ್ವದ ಟೊಬ್ಯಾಕೊನಾಮಿಕ್ಸ್ ತಂಡ ನಡೆಸಿದ ಕಾರ್ಯಕ್ರಮ ಇವುಗಳಲ್ಲಿ ಪ್ರಮುಖವಾದುದು.

ಫಿಲಿಪೀನ್ಸ್ ಇದಕ್ಕೆ ಹೆಚ್ಚಾಗಿ ಉಲ್ಲೇಖಿಸಲಾಗುವ ನಿದರ್ಶನ. ಅಲ್ಲಿ 2012ರಲ್ಲಿ ಅಂಗೀಕಾರವಾದ ತಂಬಾಕು ಮತ್ತು ಮದ್ಯ ತೆರಿಗೆ ಸುಧಾರಣಾ ಕಾನೂನಿನ ಪರವಾಗಿ ‘ಆ್ಯಕ್ಷನ್ ಫಾರ್ ಎಕನಾಮಿಕ್ ರಿಫಾರ್ಮ್ಸ್’ ಎಂಬ ಸ್ಥಳೀಯ ಸಂಸ್ಥೆ ಕೆಲಸ ಮಾಡಿತು. ಹೆಚ್ಚುವರಿ ಆದಾಯದ ಬಹುಪಾಲನ್ನು ಆರೋಗ್ಯ ಸೇವೆಗೆ ಮೀಸಲಿಟ್ಟುದು ಆ ಕಾನೂನಿಗೆ ಜನಬೆಂಬಲ ದೊರಕಲು ಒಂದು ಕಾರಣವಾಯಿತು.

2010ರ ವರದಿ

ಭಾರತದಲ್ಲಿ ಈ ಬಗೆಯ ಕೆಲಸದ ಮೈಲಿಗಲ್ಲು 2010ರಲ್ಲಿ ಪ್ರಕಟವಾದ ‘ಭಾರತದಲ್ಲಿ ತಂಬಾಕು ಮತ್ತು ತಂಬಾಕು ತೆರಿಗೆಯ ಅರ್ಥಶಾಸ್ತ್ರ’ ಎಂಬ ಅರ್ಥದ ಶೀರ್ಷಿಕೆಯ ಇಂಗ್ಲಿಷ್ ವರದಿ. ರಿಜೊ ಜಾನ್, ಆರ್. ಕವಿತಾ ರಾವ್, ಎಂ. ಗೋವಿಂದ ರಾವ್, ಆರ್.ಎಸ್. ದೇಶಪಾಂಡೆ, ಫ್ರಾಂಕ್ ಚಲೂಪ್ಕಾ, ಪ್ರಭಾತ್ ಝಾ ಮೊದಲಾದವರು ಇದರ ಲೇಖಕರು. ಇವರಲ್ಲಿ ದೇಶಪಾಂಡೆ ಮತ್ತು ಗೋವಿಂದ ರಾವ್ ಇಬ್ಬರೂ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ನಿರ್ದೇಶಕರಾಗಿ ಸೇವೆ ಸಲ್ಲಿಸಿದವರು. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ‘ಐಸೆಕ್’ ಎಂದೇ ಪರಿಚಿತ.

ಆ ವೇಳೆಗೆ ಕೈಯಿಂದ ಕಟ್ಟಿದ ಬೀಡಿಯ ಮೇಲಿನ ಸುಂಕ ಸಾವಿರಕ್ಕೆ ₹14 ಇತ್ತು. ಇದನ್ನು ₹98ಕ್ಕೆ ಏರಿಸಬೇಕೆಂದು ವರದಿ ಶಿಫಾರಸು ಮಾಡಿತು. 25 ಬೀಡಿಗಳ ಒಂದು ಕಟ್ಟಿನ ಲೆಕ್ಕದಲ್ಲಿ ನೋಡಿದರೆ ಸುಂಕವು 35 ಪೈಸೆಯಿಂದ 2 ರೂಪಾಯಿ 45 ಪೈಸೆಗೆ ಏರಿದಂತಾಗುತ್ತದೆ. ಇಷ್ಟರಿಂದಲೇ ಈಗಿನ ಮತ್ತು ಮುಂದಿನ ಬೀಡಿ ಸೇದುವವರಲ್ಲಿ 1.55 ಕೋಟಿ ಅಕಾಲಿಕ ಮರಣಗಳನ್ನು ತಪ್ಪಿಸಬಹುದು ಹಾಗೂ ಸರ್ಕಾರಕ್ಕೆ ₹3,690 ಕೋಟಿ ಹೆಚ್ಚುವರಿ ಆದಾಯ ಬರುತ್ತದೆ ಎಂದು ಅಂದಾಜಿಸಲಾಯಿತು. ಸಿಗರೇಟಿನ ಮೇಲೆ ಸಾವಿರಕ್ಕೆ ₹3,691 ವಿಧಿಸಿದರೆ ತಪ್ಪಿಸಬಹುದಾದ ಮರಣಗಳು 34 ಲಕ್ಷ. ಜೀವ ಉಳಿಸುವ ದೃಷ್ಟಿಯಿಂದ ಬೀಡಿಯ ತೆರಿಗೆಯೇ ಹೆಚ್ಚು ಮಹತ್ವದ್ದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಬೀಡಿಯ ಕುರಿತ ಈ ಶಿಫಾರಸು ಜಾರಿಗೆ ಬರಲಿಲ್ಲ.

ಕರ್ನಾಟಕದ ಇತರ ಸಂಸ್ಥೆಗಳು

ಧಾರವಾಡದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವು ತಂಬಾಕಿನ ಅರ್ಥಶಾಸ್ತ್ರದ ಕುರಿತು ಅಧ್ಯಯನ ನಡೆಸಿದೆ. ಇದರ ಸ್ಥಾಪಕ ನಿರ್ದೇಶಕರಾದ ಪಿ.ಆರ್. ಪಂಚಮುಖಿ ಮತ್ತು ಸಹಲೇಖಕರು ಬೀಡಿಯ ಅರ್ಥಶಾಸ್ತ್ರದ ಬಗ್ಗೆ ಬರೆದ ಅಧ್ಯಾಯವು ಕೇಂದ್ರ ಆರೋಗ್ಯ ಸಚಿವಾಲಯ 2008ರಲ್ಲಿ ಹೊರತಂದ ಬೀಡಿ ಸೇವನೆ ಮತ್ತು ಸಾರ್ವಜನಿಕ ಆರೋಗ್ಯ ಕುರಿತ ಗ್ರಂಥದಲ್ಲಿದೆ.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ತಂಬಾಕು ನಿಯಂತ್ರಣ ನೀತಿಗಳ ಅನುಷ್ಠಾನ ಮತ್ತು ನೀತಿ ನಿರೂಪಣೆಯಲ್ಲಿ ಉದ್ಯಮದ ಹಸ್ತಕ್ಷೇಪವನ್ನು ಅಧ್ಯಯನ ಮಾಡುತ್ತದೆ. 2010ರಲ್ಲಿ ಬೆಂಗಳೂರಿನಲ್ಲಿ ನಡೆಯಲಿದ್ದ ಜಾಗತಿಕ ತಂಬಾಕು ಉದ್ಯಮದ ಸಮಾವೇಶವೊಂದಕ್ಕೆ ಸರ್ಕಾರಿ ಸಂಸ್ಥೆಯಾದ ತಂಬಾಕು ಮಂಡಳಿ ಬೆಂಬಲ ನೀಡುವುದನ್ನು ಪ್ರಶ್ನಿಸಿ ಈ ಸಂಸ್ಥೆ ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತ್ತು. ಚೌಕಟ್ಟು ಒಪ್ಪಂದದ 5.3ನೆಯ ವಿಧಿಯು ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಗಳಿಂದ ರಕ್ಷಿಸಬೇಕೆಂದು ಹೇಳುತ್ತದೆ.

ಬೀಡಿಯ ಪ್ರಶ್ನೆ

ಬೀಡಿಗೆ ತೆರಿಗೆ ರಿಯಾಯಿತಿ ನೀಡಲು ಕೊಡುವ ಮುಖ್ಯ ಕಾರಣ ಅದು ಗೃಹ ಕೈಗಾರಿಕೆ ಎಂಬುದು. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಹಾಗೂ ಕಾಸರಗೋಡು ಪ್ರದೇಶಗಳಲ್ಲಿ ಬೀಡಿ ಕಟ್ಟುವ ಕೆಲಸ ಸಾವಿರಾರು ಮಹಿಳೆಯರ ಜೀವನಾಧಾರ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿನ ಹೆಸರಾಂತ ಮಾರುಕಟ್ಟೆ. ನ್ಯಾಯವಾದ ಬೆಲೆಗಾಗಿ ಅಲ್ಲಿಯ ರೈತರು 1981ರಲ್ಲಿ ನಡೆಸಿದ ಚಳವಳಿಯ ವೇಳೆ ಗೋಲಿಬಾರು ನಡೆದು ಸಾವುಗಳೂ ಸಂಭವಿಸಿದವು. ಬೀಡಿಯ ಹಿಂದೆ ಕಾರ್ಮಿಕರು ಮತ್ತು ರೈತರ ಬದುಕು ಇರುವುದರಿಂದ ಯಾವ ಪಕ್ಷದ ಸರ್ಕಾರವೂ ತೆರಿಗೆ ಏರಿಸಲು ಹಿಂಜರಿಯುತ್ತ ಬಂದಿದೆ.

ಆದರೆ ರಿಯಾಯಿತಿಯ ಲಾಭ ಕಾರ್ಮಿಕರಿಗೆ ತಲುಪುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಬೀಡಿ ಕಟ್ಟುವವರ ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು ನಿಗದಿಯಾಗುತ್ತದೆ. ತೆರಿಗೆ ಇಳಿದ ಮಾತ್ರಕ್ಕೆ ಅದು ಏರುವುದಿಲ್ಲ. ಜಿಎಸ್‌ಟಿಗೆ ಮೊದಲು ವರ್ಷಕ್ಕೆ 20 ಲಕ್ಷದೊಳಗೆ ಬೀಡಿ ತಯಾರಿಸುವವರಿಗೆ ಅಬಕಾರಿ ವಿನಾಯಿತಿ ಇತ್ತು. ದೊಡ್ಡ ತಯಾರಕರು ಉತ್ಪಾದನೆಯನ್ನು ಸಣ್ಣ ಘಟಕಗಳಾಗಿ ಒಡೆದು ಈ ವಿನಾಯಿತಿಯನ್ನು ಬಳಸಿಕೊಳ್ಳಲು ಅವಕಾಶವಿತ್ತೆಂದು ಸಂಶೋಧಕರು ಟೀಕಿಸಿದ್ದಾರೆ. 1976ರ ಕಾಯ್ದೆಯಡಿ ಬೀಡಿಯ ಮೇಲೆ ಸಂಗ್ರಹವಾಗುತ್ತಿದ್ದ ಸೆಸ್‌ನಿಂದ ಕಾರ್ಮಿಕರ ಕಲ್ಯಾಣ ನಿಧಿ ನಡೆಯುತ್ತಿತ್ತು. ಕಾರ್ಮಿಕರ ಚಿಕಿತ್ಸೆ, ಮನೆ ನಿರ್ಮಾಣ ಮತ್ತು ಮಕ್ಕಳ ವಿದ್ಯಾರ್ಥಿವೇತನಕ್ಕೆ ಇದರಿಂದ ನೆರವು ಸಿಗುತ್ತಿತ್ತು. ಜಿಎಸ್‌ಟಿಯೊಂದಿಗೆ ಆ ಸೆಸ್ ರದ್ದಾಯಿತು.

ಬೀಡಿ ಸೇವನೆಯಿಂದ 2017ರಲ್ಲಿ ದೇಶಕ್ಕಾದ ಆರ್ಥಿಕ ಹೊರೆ ₹80,550 ಕೋಟಿ ಎಂದು ರಿಜೊ ಜಾನ್ ಅವರ ಮತ್ತೊಂದು ಅಧ್ಯಯನ ಅಂದಾಜಿಸಿದೆ. ಬೀಡಿಯಿಂದ ಬಂದ ಅಬಕಾರಿ ಆದಾಯ ಈ ಹೊರೆಯ ಸುಮಾರು ಶೇ 0.5ರಷ್ಟು ಮಾತ್ರ.

ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಗಳು ಹೊಸಪೇಟೆಯ ಜೊತೆಗೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಮೊದಲು ಇವು ಬಳ್ಳಾರಿ ಜಿಲ್ಲೆಯಲ್ಲಿದ್ದವು; ಹರಪನಹಳ್ಳಿ 1997ರಿಂದ ಕೆಲಕಾಲ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಇವು ಹೆಚ್ಚಾಗಿ ಮಳೆಯನ್ನೇ ನಂಬಿದ ಬಯಲುಸೀಮೆಯ ತಾಲ್ಲೂಕುಗಳು. ಮೆಕ್ಕೆಜೋಳ, ಜೋಳ, ಶೇಂಗಾ, ಈರುಳ್ಳಿ ಇಲ್ಲಿಯ ಸಾಮಾನ್ಯ ಬೆಳೆಗಳು, ಹಡಗಲಿ ಮಲ್ಲಿಗೆಗೆ ಹೆಸರಾಗಿದೆ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ಕೂಡ್ಲಿಗಿ ಮತ್ತು ಹರಪನಹಳ್ಳಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತ್ತು. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಈ ಪ್ರದೇಶಕ್ಕೆ ಅನ್ವಯಿಸುತ್ತದೆ.

ಇಂತಹ ಪ್ರದೇಶದಲ್ಲಿ ತಂಬಾಕು ತೆರಿಗೆಯ ಎರಡು ಮುಖಗಳೂ ಕಾಣುತ್ತವೆ. ದಿನಗೂಲಿಯ ಮೇಲೆ ಬದುಕುವ ಮನೆಯಲ್ಲಿ ಬೀಡಿ ಕಟ್ಟಿನ ಬೆಲೆ ಒಂದೆರಡು ರೂಪಾಯಿ ಏರಿದರೂ ಅದು ಲೆಕ್ಕಕ್ಕೆ ಬರುತ್ತದೆ. ಚಟ ಬಿಡಲಾರದವನಿಗೆ ಅದು ಹೊರೆ. ಸೇದುವುದನ್ನು ಬಿಟ್ಟವನ, ಕಡಿಮೆ ಮಾಡಿದವನ, ಇನ್ನೂ ಕಲಿಯದ ಹುಡುಗನ ಮನೆಗೆ ಅದು ಉಳಿತಾಯ. ಕ್ಯಾನ್ಸರ್ ಅಥವಾ ಹೃದ್ರೋಗ ಬಂದರೆ ದೊಡ್ಡ ಚಿಕಿತ್ಸೆಗೆ ಜಿಲ್ಲೆಯ ಹೊರಗೆ ಹೋಗಬೇಕಾಗುತ್ತದೆ; ದುಡಿಯುವ ಕೈ ನಿಂತಾಗ ಆಗುವ ನಷ್ಟದ ಮುಂದೆ ತೆರಿಗೆಯ ಹೊರೆ ಚಿಕ್ಕದೆಂಬುದು ತೆರಿಗೆಯ ಪರವಾದ ವಾದ.

ಕಾನೂನಿನ ಜಾರಿ ಜಿಲ್ಲಾ ಮಟ್ಟದಲ್ಲಿ ನಡೆಯುತ್ತದೆ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಗಳಿವೆ. ಶಾಲಾ ಮಕ್ಕಳು ಅಂಗಡಿಯವರಿಗೆ ಗುಲಾಬಿ ಹೂ ಕೊಟ್ಟು ತಂಬಾಕು ಮಾರದಂತೆ ಕೋರುವ ಗುಲಾಬಿ ಆಂದೋಲನ ರಾಜ್ಯದ ಹಲವೆಡೆ ನಡೆದಿದೆ. ಕರ್ನಾಟಕ 2013ರ ಮೇ 31ರಂದು ಗುಟ್ಕಾವನ್ನು ನಿಷೇಧಿಸಿತು. ನಂತರ ಪಾನ್ ಮಸಾಲಾ ಮತ್ತು ತಂಬಾಕನ್ನು ಎರಡು ಪ್ರತ್ಯೇಕ ಚೀಟಿಗಳಲ್ಲಿ ಮಾರುವ ಪದ್ಧತಿ ಬಂದಿತು. ಬಿಡಿ ಸಿಗರೇಟುಗಳ ಮಾರಾಟವನ್ನು ರಾಜ್ಯ 2017ರಲ್ಲಿ ನಿಷೇಧಿಸಿತು. ಬಿಡಿಯಾಗಿ ಮಾರುವುದು ಮುಂದುವರಿದರೆ ತೆರಿಗೆಯ ಪರಿಣಾಮ ಕುಗ್ಗುತ್ತದೆ, ಏಕೆಂದರೆ ಪೊಟ್ಟಣದ ಬೆಲೆ ಏರಿದರೂ ಒಂದು ಕಡ್ಡಿಯ ಬೆಲೆ ಕೈಗೆಟುಕುವಂತಿರುತ್ತದೆ.

ದರ ನಿರ್ಣಯದಲ್ಲಿ ಮಾತ್ರ ಜಿಲ್ಲೆಗೆ ನೇರ ಪಾತ್ರವಿಲ್ಲ. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಅಂಕಿಅಂಶಗಳು ರಾಜ್ಯ ಮಟ್ಟದವರೆಗೆ ಮಾತ್ರ ಲಭ್ಯವಿದ್ದು, ತಾಲ್ಲೂಕುಗಳ ಚಿತ್ರಣ ಅದರಲ್ಲಿ ಸಿಗುವುದಿಲ್ಲ. ಬೀಡಿ ಸೇದುವ ಕೂಲಿಕಾರನ ಮನೆಯ ಖರ್ಚು, ಆಸ್ಪತ್ರೆಯ ವೆಚ್ಚ ಇವುಗಳ ವಿವರ ಮಂಡಳಿಯ ಮೇಜಿನವರೆಗೆ ತಲುಪಬೇಕಾದರೆ ಅದನ್ನು ಸಂಗ್ರಹಿಸಿ ಲೆಕ್ಕಹಾಕುವ ಸಂಸ್ಥೆ ಹತ್ತಿರದಲ್ಲಿರಬೇಕು. ಪ್ರಾದೇಶಿಕ ಸಂಶೋಧನಾ ಸಂಸ್ಥೆಗಳ ಅಗತ್ಯವನ್ನು ಪ್ರತಿಪಾದಿಸುವವರು ಮುಂದಿಡುವ ಕಾರಣ ಇದೇ.

ಟೀಕೆ ಮತ್ತು ಚರ್ಚೆ

ವಿದೇಶಿ ದತ್ತಿಸಂಸ್ಥೆಗಳ ಹಣದಿಂದ ದೇಶದ ತೆರಿಗೆ ನೀತಿಯ ಮೇಲೆ ಪ್ರಭಾವ ಬೀರುವುದು ಸರಿಯೇ ಎಂಬ ಆಕ್ಷೇಪವಿದೆ. 2010ರ ವರದಿಗೂ ಬ್ಲೂಮ್‌ಬರ್ಗ್ ಮತ್ತು ಗೇಟ್ಸ್ ದತ್ತಿಸಂಸ್ಥೆಗಳ ನೆರವು ಇತ್ತು. ಇದಕ್ಕೆ ಉತ್ತರವಾಗಿ, ಬಳಸಿದ ಅಂಕಿಅಂಶಗಳು ಸರ್ಕಾರದ ಸಮೀಕ್ಷೆಗಳವೇ ಆಗಿದ್ದು ಯಾರು ಬೇಕಾದರೂ ಪರಿಶೀಲಿಸಬಹುದೆಂದೂ, ತಂಬಾಕು ಉದ್ಯಮವೂ ತನ್ನ ಪರವಾದ ಅಧ್ಯಯನಗಳನ್ನು ಮಾಡಿಸುತ್ತದೆಂದೂ ಹೇಳಲಾಗುತ್ತದೆ. ಹಣದ ಮೂಲವನ್ನು ಬಹಿರಂಗಪಡಿಸುವುದು ಎರಡೂ ಕಡೆಯವರಿಗೆ ಅನ್ವಯಿಸಬೇಕಾದ ನಿಯಮ.

ತೆರಿಗೆ ಹೆಚ್ಚಿದರೆ ಕಳ್ಳಸಾಗಣೆಯ ಸಿಗರೇಟು ಹೆಚ್ಚುತ್ತದೆ ಎಂಬುದು ಉದ್ಯಮದ ಮುಖ್ಯ ವಾದ. ಕಳ್ಳಸಾಗಣೆಯು ದರಕ್ಕಿಂತ ಹೆಚ್ಚಾಗಿ ಆಡಳಿತದ ಬಿಗಿಯನ್ನು ಅವಲಂಬಿಸಿದೆ ಎಂಬುದು ಆರೋಗ್ಯ ಅರ್ಥಶಾಸ್ತ್ರಜ್ಞರ ನಿಲುವು. ಮೈಸೂರು ಭಾಗದ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಗಳ ಸಿಗರೇಟು ತಂಬಾಕು ಬೆಳೆಗಾರರು ಹಾಗೂ ಬೀಡಿ ಕಾರ್ಮಿಕರಿಗೆ ಪರ್ಯಾಯ ಜೀವನೋಪಾಯ ಒದಗಿಸದೆ ತೆರಿಗೆಯನ್ನಷ್ಟೇ ಏರಿಸುವುದು ಅನ್ಯಾಯವೆಂಬ ಅಭಿಪ್ರಾಯವನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಚೌಕಟ್ಟು ಒಪ್ಪಂದದ 17ನೆಯ ವಿಧಿಯಲ್ಲಿಯೂ ಈ ಅಂಶವಿದೆ. ಹೆಚ್ಚುವರಿ ಆದಾಯದ ಒಂದು ಪಾಲನ್ನು ಇದಕ್ಕಾಗಿ ಮೀಸಲಿಡಬೇಕೆಂಬುದು ಒಂದು ಸಲಹೆ. ಥಾಯ್ಲೆಂಡ್ 2001ರಿಂದ ತಂಬಾಕು ಮತ್ತು ಮದ್ಯದ ಅಬಕಾರಿಯ ಮೇಲೆ ಶೇ 2ರ ಹೆಚ್ಚುವರಿ ತೆರಿಗೆ ವಿಧಿಸಿ ಆರೋಗ್ಯ ಸಂವರ್ಧನಾ ನಿಧಿಯೊಂದನ್ನು ನಡೆಸುತ್ತಿದೆ.

ಸಂಶೋಧನೆ ಸಿದ್ಧವಿದ್ದರೂ ನೀತಿ ಅದನ್ನು ಅನುಸರಿಸಲೇಬೇಕೆಂದಿಲ್ಲ ಎಂಬುದಕ್ಕೆ 2025ರ ನಿರ್ಣಯ ಉದಾಹರಣೆ. ಸಿಗರೇಟಿನ ವಿಷಯದಲ್ಲಿ ತೆರಿಗೆ ಏರಿತು. ಹೆಚ್ಚು ಜನ, ಅದರಲ್ಲೂ ಬಡವರು, ಸೇದುವ ಬೀಡಿಯ ವಿಷಯದಲ್ಲಿ ಇಳಿಯಿತು. ಬೀಡಿಯ ಜಿಎಸ್‌ಟಿಯನ್ನು ಮರುಪರಿಶೀಲಿಸಬೇಕು ಮತ್ತು ಪರಿಮಾಣಾಧಾರಿತ ಸುಂಕವನ್ನು ಪುನಃ ಗಣನೀಯವಾಗಿ ವಿಧಿಸಬೇಕು ಎಂಬುದು ಸಾರ್ವಜನಿಕ ಆರೋಗ್ಯ ತಜ್ಞರ ಬೇಡಿಕೆಯಾಗಿ ಉಳಿದಿದೆ.

ಇವನ್ನೂ ನೋಡಿ

ತಂಬಾಕು
ಬೀಡಿ
ಸರಕು ಮತ್ತು ಸೇವಾ ತೆರಿಗೆ
ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ
ನಿಪ್ಪಾಣಿ
ವಿಜಯನಗರ ಜಿಲ್ಲೆ